ಮುಳ್ಳು ಎಡಕ್ಕೆ ವಾಲಿದಾಗ

ಮನೆಯ ಲೆಕ್ಕ ಬರೆಯುವ ಹೆಂಗಸರಿಗೆ ಎರಡು ಬಗೆಯ ಲೆಕ್ಕ ಗೊತ್ತಿರುತ್ತದೆ. ಡಬ್ಬಿಯಲ್ಲಿ ಈಗ ಎಷ್ಟು ದುಡ್ಡಿದೆ ಎಂಬುದು ಒಂದು. ದಿನಕ್ಕೆ ಬರುವುದೆಷ್ಟು, ಹೋಗುವುದೆಷ್ಟು ಎಂಬುದು ಇನ್ನೊಂದು. ಮೊದಲನೆಯದನ್ನು ಯಾರು ಬೇಕಾದರೂ ಎಣಿಸಿ ಹೇಳಬಹುದು. ಎರಡನೆಯದು ಗೊತ್ತಾಗಬೇಕಾದರೆ ಹಾಲಿನವನಿಂದ ಹಿಡಿದು ಮದುವೆಯ ಮುಯ್ಯಿಯವರೆಗೆ ಎಲ್ಲವನ್ನೂ ಬರೆದಿಡುವ ಒಬ್ಬರು ಮನೆಯಲ್ಲಿರಬೇಕು. ಹಳೆಯ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಈ ಎರಡನೆಯ ಲೆಕ್ಕ ಬರೆಯಲೆಂದೇ ಒಂದು ಪುಟ್ಟ ಗಡಿಯಾರದಂಥ ವಸ್ತು ಇರುತ್ತಿತ್ತು. ಅದರ ಹೆಸರು ಅಮ್ಮೀಟರ್. ನಡುವೆ ಸೊನ್ನೆ, ಬಲಕ್ಕೆ ಕೂಡುವ ಗುರುತು, ಎಡಕ್ಕೆ ಕಳೆಯುವ ಗುರುತು, ಎರಡೂ ಕಡೆ ಮೂವತ್ತರವರೆಗೆ ಅಂಕಿ. ಬ್ಯಾಟರಿಗೆ ಕರೆಂಟು ಬರುತ್ತಿದ್ದರೆ ಮುಳ್ಳು ಬಲಕ್ಕೆ, ಬ್ಯಾಟರಿಯಿಂದ ಹೋಗುತ್ತಿದ್ದರೆ ಎಡಕ್ಕೆ.

ಶಿಡ್ಲಘಟ್ಟದಲ್ಲಿ ನಮ್ಮ ದೊಡ್ಡಪ್ಪನವರದು ರೇಷ್ಮೆ ನೂಲು ತೆಗೆಯುವ ಕಸುಬು. ಗೂಡಿನ ರೇಟು ಚೆನ್ನಾಗಿದ್ದ ಒಂದು ವರ್ಷ ಅವರು ಒಂದು ಹಳೆಯ ಅಂಬಾಸಿಡರ್ ಕೊಂಡರು. ಮೊದಲು ಇಟ್ಟುಕೊಂಡಿದ್ದವರು ಯಾರೋ ಬಹಳ ಮುತುವರ್ಜಿಯ ಮನುಷ್ಯರಿರಬೇಕು, ಡ್ಯಾಶ್‌ಬೋರ್ಡಿನ ಕೆಳಗೆ ಬೇರೆಯಾಗಿ ಒಂದು ತಗಡು ಹೊಡೆಸಿ ಒಳ್ಳೆಯ ಅಮ್ಮೀಟರ್ ಕೂರಿಸಿದ್ದರು. ಮಕ್ಕಳಾದ ನಮಗೆ ಆ ಹೆಸರೇ ತಮಾಷೆ. ಅಮ್ಮೀಟರ್ ಎಂದರೆ ಅಮ್ಮನ ಮೀಟರು ಎಂದು ನಗುತ್ತಿದ್ದೆವು. ನಮ್ಮ ಮನೆಯ ಮಟ್ಟಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಗಾಡಿ ಓಡಿಸುತ್ತಿದ್ದವರು ದೊಡ್ಡಪ್ಪ, ಆ ಮುಳ್ಳು ನೋಡುತ್ತಿದ್ದವರು ದೊಡ್ಡಮ್ಮ. ಗೂಡಿನ ತೂಕ, ನೂಲಿನ ತೂಕ, ಕೂಲಿಯವರ ಬಟವಾಡೆ ಎಲ್ಲವನ್ನೂ ಬರೆಯುತ್ತಿದ್ದವರು ಅವರೇ. ಬರುವುದು ಹೋಗುವುದು ಎರಡನ್ನೂ ಒಂದೇ ಗೆರೆಯ ಮೇಲೆ ತೋರಿಸುವ ಯಂತ್ರವೊಂದಿದೆ ಎಂದು ತಿಳಿದಾಗ ಅವರಿಗೆ ಅದು ತಮ್ಮವರೇ ಎನಿಸಿರಬೇಕು.

ಈ ಮುಳ್ಳಿನ ಕಥೆ ಹಳೆಯದು. 1820ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಅರ್ಸ್ಟೆಡ್ ಎಂಬ ಮೇಷ್ಟ್ರು ಕರೆಂಟು ಹರಿಯುವ ತಂತಿಯೊಂದರ ಬಳಿ ದಿಕ್ಸೂಚಿ ಇದ್ದಾಗ ಅದರ ಮುಳ್ಳು ತಿರುಗುವುದನ್ನು ಕಂಡರು. ಸುದ್ದಿ ಪ್ಯಾರಿಸ್ಸಿಗೆ ತಲುಪಿದ ಕೆಲವೇ ವಾರಗಳಲ್ಲಿ ಆಂದ್ರೆ ಮರೀ ಆಂಪೇರ್ ಎಂಬ ಪಂಡಿತರು ಅದರ ಲೆಕ್ಕಾಚಾರಕ್ಕೆ ಕೂತರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ತಂದೆಯ ತಲೆ ಗಿಲೊಟಿನ್‌ಗೆ ಸಿಕ್ಕಿ ಹೋದ ದುಃಖವನ್ನು ಹುಡುಗನಾಗಿದ್ದಾಗಲೇ ಉಂಡವರು ಈ ಆಂಪೇರ್. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1881ರಲ್ಲಿ, ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಭೆ ಕರೆಂಟಿನ ಅಳತೆಗೆ ಅವರ ಹೆಸರನ್ನೇ ಇಟ್ಟಿತು. ಕಾರಿನ ಅಮ್ಮೀಟರಿನ ಒಳಗೆ ಇರುವುದೂ ಹೆಚ್ಚುಕಡಿಮೆ ಅದೇ ದಿಕ್ಸೂಚಿಯ ಆಟ. ಒಂದು ದಪ್ಪ ಪಟ್ಟಿಯ ಮೂಲಕ ಕರೆಂಟು ಹಾಯುತ್ತದೆ, ಅದರ ಪಕ್ಕದಲ್ಲಿ ಅಯಸ್ಕಾಂತದ ಹಿಡಿತದಲ್ಲಿರುವ ಒಂದು ಸಣ್ಣ ಕಬ್ಬಿಣದ ಚೂರು ಮುಳ್ಳನ್ನು ಅತ್ತಿತ್ತ ತಿರುಗಿಸುತ್ತದೆ.

ಅಮ್ಮೀಟರ್ ಎಂಬ ಹೆಸರು ಹಾಕಿ ಈ ಉಪಕರಣವನ್ನು ಬಳಕೆಗೆ ತಂದವರು ಇಂಗ್ಲೆಂಡಿನ ವಿಲಿಯಂ ಅಯರ್ಟನ್ ಮತ್ತು ಜಾನ್ ಪೆರಿ ಎಂಬ ಇಬ್ಬರು ಅಧ್ಯಾಪಕರು, 1880ರ ದಶಕದ ಆರಂಭದಲ್ಲಿ. ಇವರಲ್ಲಿ ಅಯರ್ಟನ್‌ಗೆ ನಮ್ಮ ದೇಶದ ನಂಟಿತ್ತು. 1868ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಅವರು ಭಾರತದ ತಂತಿ ಇಲಾಖೆಯ ನೌಕರಿಗೆ ಬಂದರು. ನೂರಾರು ಮೈಲಿ ಕಾಡುಮೇಡಿನಲ್ಲಿ ಹಾದುಹೋಗುವ ತಂತಿ ಎಲ್ಲೋ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ದೊಡ್ಡ ಪಾಡು. ತಂತಿಯ ಒಂದು ತುದಿಯಲ್ಲಿ ಕುಳಿತು, ಅಳೆದು, ದೋಷ ಎಷ್ಟು ದೂರದಲ್ಲಿದೆ ಎಂದು ಗೊತ್ತುಮಾಡುವ ಕ್ರಮವನ್ನು ಅವರು ಇಲ್ಲಿ ಬೆಳೆಸಿದರು. ರೋಗ ಎಲ್ಲಿದೆ ಎಂದು ಅಳತೆಯಿಂದ ಹುಡುಕುವ ಆ ಪಾಠದ ಬಹುಭಾಗ ಅವರಿಗೆ ದಕ್ಕಿದ್ದು ನಮ್ಮ ನೆಲದ ತಂತಿಕಂಬಗಳ ಕೆಳಗೆ.

ಅವರ ಮನೆಯ ಹೆಂಗಸರ ಕಥೆ ಇನ್ನೂ ದೊಡ್ಡದು. ಮೊದಲ ಹೆಂಡತಿ ಮಟಿಲ್ಡಾ ಚಾಪ್ಲಿನ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಲು ಹೋರಾಡಿದ ಏಳು ಮಂದಿ ಹೆಣ್ಣುಮಕ್ಕಳಲ್ಲಿ ಒಬ್ಬರು. ಆಕೆ ತೀರಿಕೊಂಡ ಮೇಲೆ 1885ರಲ್ಲಿ ಅಯರ್ಟನ್ ಮದುವೆಯಾದದ್ದು ತಮ್ಮ ತರಗತಿಗೆ ಬರುತ್ತಿದ್ದ ಹರ್ಥಾ ಎಂಬಾಕೆಯನ್ನು. ಆಗಿನ ಬೀದಿದೀಪಗಳಲ್ಲಿ ಉರಿಯುತ್ತಿದ್ದ ವಿದ್ಯುತ್ ಕಮಾನು ಯಾಕೆ ಸಿಳ್ಳೆ ಹಾಕುತ್ತದೆ, ಯಾಕೆ ಮಿಣುಕುತ್ತದೆ ಎಂದು ಆಕೆ ವರ್ಷಗಟ್ಟಲೆ ಅಳೆದು ಬರೆದು ಕಂಡುಹಿಡಿದರು. 1899ರಲ್ಲಿ ಇಂಗ್ಲೆಂಡಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡಿತು. 1902ರಲ್ಲಿ ರಾಯಲ್ ಸೊಸೈಟಿಗೆ ಆಕೆಯ ಹೆಸರು ಹೋಯಿತು, ಮದುವೆಯಾದ ಹೆಂಗಸನ್ನು ಫೆಲೋ ಮಾಡಿಕೊಳ್ಳಲು ಕಾನೂನಿನಲ್ಲಿ ದಾರಿಯಿಲ್ಲ ಎಂದು ತಿರುಗಿ ಬಂತು. ಅದೇ ಸೊಸೈಟಿ 1906ರಲ್ಲಿ ಆಕೆಗೆ ಹ್ಯೂಸ್ ಪದಕ ಕೊಟ್ಟಿತು. ಪದಕ ಕೊಡಬಹುದು, ಕೂರಲು ಕುರ್ಚಿ ಕೊಡಲಾಗದು! ಆ ಕುರ್ಚಿ ಹೆಂಗಸರಿಗೆ ಸಿಕ್ಕಿದ್ದು 1945ರಲ್ಲಿ, ಹರ್ಥಾ ತೀರಿಕೊಂಡು ಇಪ್ಪತ್ತೆರಡು ವರ್ಷ ಕಳೆದ ಮೇಲೆ.

ಕಾರಿನ ಇತಿಹಾಸದಲ್ಲೂ ಹೀಗೆಯೇ, ಹುಡುಕಿದರೆ ಒಬ್ಬ ಹೆಂಗಸು ಸಿಗುತ್ತಾಳೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಜ್ ಗಂಡನಿಗೆ ಹೇಳದೆ ಆತ ಮಾಡಿದ್ದ ಮೂರು ಗಾಲಿಯ ಮೋಟಾರು ಗಾಡಿಯನ್ನು ಹೊರಡಿಸಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ನೂರು ಕಿಲೋಮೀಟರಿನಷ್ಟು ದೂರದ ಫೋರ್ಜ್‌ಹೈಮ್‌ಗೆ ತವರಿಗೆ ಹೋದಳು. ಮೋಟಾರು ಗಾಡಿಯ ಮೊದಲ ದೂರಪ್ರಯಾಣವೇ ಅದು. ಎಣ್ಣೆಯ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಇಂಧನಕ್ಕೆ ಔಷಧಿ ಅಂಗಡಿಗೆ ಹೋದಳು. ಕಾರಿನ ವೈರಿಂಗ್ ದೋಷವನ್ನು ದಾರಿಯಲ್ಲೇ ರಿಪೇರಿ ಮಾಡಿದ ಮೊದಲಿಗರಲ್ಲಿ ಒಬ್ಬಾಕೆ ತವರಿಗೆ ಹೊರಟ ತಾಯಿ ಎಂಬುದನ್ನು ನಾವು ನೆನಪಿಡಬೇಕು.

ಅಂದಿನ ಗಾಡಿಗಳನ್ನು ಕೈಯಿಂದ ತಿರುಗಿಸಿ ಹೊರಡಿಸಬೇಕಿತ್ತು. ಆಮೇಲೆ ಬಂದ ಕಾರುಗಳಲ್ಲಿ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಹಿಂದಕ್ಕೆ ಒದ್ದರೆ ಗಂಡಸರ ಕೈಯೇ ಮುರಿಯುತ್ತಿತ್ತು. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ಒಳಗೆ ಕೂತು ಗುಂಡಿ ಒತ್ತಿದರೆ ಎಂಜಿನ್ ಹೊರಡುವಂತಾದ ಮೇಲೆ ಹೆಂಗಸರಿಗೆ ಸ್ಟೀರಿಂಗ್ ಹಿಡಿಯಲು ಇದ್ದ ಒಂದು ದೊಡ್ಡ ಅಡ್ಡಿ ಹೋಯಿತು. ಅದರೊಂದಿಗೇ ಕಾರಿಗೆ ದೊಡ್ಡ ಬ್ಯಾಟರಿಯೂ ಅದನ್ನು ತುಂಬುವ ಡೈನಮೋವೂ ಬಂದವು. ತುಂಬುವವನೊಬ್ಬ, ಖರ್ಚು ಮಾಡುವವರು ಹಲವರು ಎಂದಾದ ಮೇಲೆ ಲೆಕ್ಕ ಇಡಲು ಅಮ್ಮೀಟರ್ ಬೇಕಾಯಿತು.

ನಮ್ಮ ಸೀಮೆಗೂ ಕರೆಂಟಿಗೂ ಇರುವ ಸಂಬಂಧ ಹಳೆಯದೇ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಓಡಿಬಂದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಯ ಆಳಕ್ಕೆ ಇಳಿದ ಕರೆಂಟು ಅದೇ ಜಿಲ್ಲೆಯ ಹಳ್ಳಿಯ ಅಡಿಗೆಮನೆಗೆ ಬರಲು ಹಲವು ದಶಕ ಹಿಡಿಯಿತು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೂ ಸುಮ್ಮನೆ ಕೂರಲಿಲ್ಲ. ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂದು ಹಟ ಹಿಡಿದು, 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಬರೆದರು. ಬ್ರಿಟಿಷರ ಸರಕಾರಕ್ಕೆ ಅದು ಬೇಕಿರಲಿಲ್ಲ. ಕೊನೆಗೆ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿತು. ಅದಕ್ಕೆ ಎರಡು ವರ್ಷ ಮೊದಲೇ ಬಿರ್ಲಾರವರ ಹಿಂದೂಸ್ತಾನ್ ಮೋಟರ್ಸ್ ಶುರುವಾಗಿತ್ತು. ಅದರ ಕಲ್ಕತ್ತದ ಹತ್ತಿರದ ಉತ್ತರಪಾರಾ ಕಾರ್ಖಾನೆಯಲ್ಲಿ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರ್ ತಯಾರಾಯಿತು. ಮಂತ್ರಿಗಳಿಂದ ಹಿಡಿದು ಮದುಮಕ್ಕಳವರೆಗೆ ಅದರಲ್ಲಿ ಕೂರದವರಿಲ್ಲ.

ನಮ್ಮ ಅಂಬಾಸಿಡರ್ 1976ರ ಬೇಸಿಗೆಯಲ್ಲಿ ವಿದುರಾಶ್ವತ್ಥಕ್ಕೆ ಹೋಯಿತು. ದೊಡ್ಡಪ್ಪನ ಮಗಳಿಗೆ, ಎಂದರೆ ನಮ್ಮ ಅಕ್ಕನಿಗೆ, ಮದುವೆಯಾಗಿ ಏಳು ವರ್ಷದ ಮೇಲೆ ಮಗುವಾಗಿತ್ತು. ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತೇನೆಂದು ದೊಡ್ಡಮ್ಮ ಹೊತ್ತ ಹರಕೆ ತೀರಬೇಕಿತ್ತು. ಗೌರಿಬಿದನೂರು ದಾಟಿ ಆರು ಕಿಲೋಮೀಟರು ಹೋದರೆ ಪಿನಾಕಿನಿಯ ದಡದಲ್ಲಿ ಆ ಕ್ಷೇತ್ರ. ಮಹಾಭಾರತದ ವಿದುರ ನೆಟ್ಟದ್ದೆಂದು ಜನ ನಂಬಿದ್ದ ಅಶ್ವತ್ಥವೃಕ್ಷ ಆಗಿನ್ನೂ ನಿಂತಿತ್ತು, ಅದು ಬಿದ್ದದ್ದು 2001ರಲ್ಲಿ. ಸುತ್ತ ಎಲ್ಲಿ ನೋಡಿದರೂ ನಾಗರಕಲ್ಲುಗಳು. ಒಂದೊಂದು ಕಲ್ಲಿನ ಹಿಂದೆಯೂ ಒಬ್ಬ ಹೆಂಗಸಿನ ಕಾಯುವಿಕೆ.

ದೊಡ್ಡಮ್ಮನ ತವರು ಆ ಕಡೆಯದೇ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಆಕೆಗೆ ಹನ್ನೆರಡು ವರ್ಷ. ಆ ಸಂಜೆ ಅವರ ಊರಿನಲ್ಲಿ ಒಲೆ ಹಚ್ಚಿದವರಿಲ್ಲ ಎಂದು ಹೇಳುತ್ತಿದ್ದರು. ಸತ್ತವರು ಸುಮಾರು 32 ಮಂದಿ ಎಂಬುದು ಜನರ ನೆನಪು. ಸರಕಾರ ಒಪ್ಪಿದ ಲೆಕ್ಕ ಅದಕ್ಕಿಂತ ಕಡಿಮೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಆ ಜಾಗಕ್ಕೆ ಹೆಸರಾಯಿತು. ಸ್ಮಾರಕದ ಮುಂದೆ ಕೈಮುಗಿದು ದೊಡ್ಡಮ್ಮ ಅಂದ ಮಾತು ನನಗೆ ಚೆನ್ನಾಗಿ ನೆನಪಿದೆ. "ಲೆಕ್ಕ ಬರೆಯೋರು ಕಡಿಮೆ ಬರೆದ್ರೆ ಹೋದೋರು ವಾಪಸ್ ಬರ್ತಾರೇನು?"

ಕಲ್ಲು ಪ್ರತಿಷ್ಠೆ, ಹೋಮ, ಊಟ ಮುಗಿದು ಹೊರಡುವಾಗ ಹೊತ್ತು ಇಳಿದಿತ್ತು. ಅಕ್ಕನ ಮಡಿಲಲ್ಲಿ ಮೂರು ತಿಂಗಳ ಕೂಸು. ಬಿಸಿಲಿಗೋ ಹೊಗೆಗೋ ಅದರ ಮೈ ಕಾದಿತ್ತು, ಹಾಲು ಹಿಡಿಯುತ್ತಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಡಾಕ್ಟರಿಗೆ ತೋರಿಸಿಯೇ ಮುಂದೆ ಹೋಗುವುದೆಂದಾಯಿತು. ಗೌರಿಬಿದನೂರು ಬಿಟ್ಟು ಹೆಡ್‌ಲೈಟು ಹಾಕಿದ ಸ್ವಲ್ಪ ಹೊತ್ತಿಗೆ ಮುಂದಿನ ಸೀಟಿನಲ್ಲಿದ್ದ ದೊಡ್ಡಮ್ಮ, "ಏನೂಂದ್ರೆ, ಮುಳ್ಳು ಎಡಕ್ಕೆ ಬಿದ್ದುಬಿಟ್ಟಿದೆ, ಮೇಲಕ್ಕೇಳ್ತಾನೇ ಇಲ್ಲ" ಎಂದರು. ದೊಡ್ಡಪ್ಪ, "ಲೈಟು ಹಾಕಿದ್ದೀವಲ್ಲ, ಹಾಗೇ ಇರುತ್ತೆ" ಎಂದರು. "ಹೋಗ್ತಾ ಲೈಟು ಹಾಕಿ ನೋಡಿದಾಗ ಹೀಗಿರ್ಲಿಲ್ಲ. ಗಾಡಿ ಓಡ್ತಿದ್ರೆ ಲೈಟು ಹಾಕಿದ್ರೂ ಸೊನ್ನೆಗೆ ಬರ್ಬೇಕು" ಎಂದು ದೊಡ್ಡಮ್ಮ ಬಿಡಲಿಲ್ಲ.

ಅವರ ಮಾತಿನ ಹಿಂದೆ ಸರಿಯಾದ ಗಣಿತವಿತ್ತು. ಹನ್ನೆರಡು ವೋಲ್ಟಿನ ಗಾಡಿಯಲ್ಲಿ 45 ವ್ಯಾಟಿನ ಎರಡು ಹೆಡ್‌ಲೈಟುಗಳೇ ಏಳೂವರೆ ಆಂಪಿಯರ್ ಕುಡಿಯುತ್ತವೆ. ಹಿಂದಿನ ದೀಪ, ಎಂಜಿನ್ನಿನ ಕಾಯಿಲ್ ಸೇರಿದರೆ ಹನ್ನೆರಡರ ಹತ್ತಿರ. ಡೈನಮೋ ಚೆನ್ನಾಗಿದ್ದರೆ ಇಪ್ಪತ್ತರಷ್ಟು ಕೊಡಬಲ್ಲದು, ಮುಳ್ಳು ಸೊನ್ನೆಗೋ ಅದರಿಂದ ಬಲಕ್ಕೋ ಇರಬೇಕು. ಅದು ಎಡಕ್ಕೆ ಹತ್ತು ಹನ್ನೆರಡರಲ್ಲಿ ನಿಂತಿದೆಯೆಂದರೆ ಸಂಪಾದನೆ ನಿಂತಿದೆ, ಖರ್ಚೆಲ್ಲ ಇಟ್ಟ ಗಂಟಿನಿಂದ ಆಗುತ್ತಿದೆ ಎಂದರ್ಥ. ಹೊಸ ಬ್ಯಾಟರಿಯಾದರೆ ಮೂರು ನಾಲ್ಕು ಗಂಟೆ ತಡೆದೀತು. ನಮ್ಮದು ಹಳೆಯದು. ಒಮ್ಮೆ ಎಂಜಿನ್ ನಿಂತರೆ ಮತ್ತೆ ಹೊರಡದು. ಕತ್ತಲ ದಾರಿ, ಜ್ವರದ ಕೂಸು.

ಮಂಚೇನಹಳ್ಳಿಯಲ್ಲಿ ಒಂದು ಟೀ ಅಂಗಡಿಯ ಪೆಟ್ರೊಮ್ಯಾಕ್ಸ್ ಬೆಳಕಿಗೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದರು. ಡೈನಮೋ ತಿರುಗಿಸುವ ಫ್ಯಾನ್‌ಬೆಲ್ಟು ಸಡಿಲವಾಗಿ ಜಾರುತ್ತಿತ್ತು. ಎರಡು ಗಾಲಿಗಳ ನಡುವೆ ಹೆಬ್ಬೆಟ್ಟಿನಿಂದ ಒತ್ತಿದರೆ ಅರ್ಧ ಇಂಚು ತಗ್ಗಬೇಕಾದದ್ದು ಎರಡು ಇಂಚು ತಗ್ಗುತ್ತಿತ್ತು. ಚಾರ್ಜ್ ಇಲ್ಲದಾಗ ಹತ್ತಬೇಕಾದ ಕೆಂಪು ದೀಪದ ಬಲ್ಬು ಎಂದೋ ಸುಟ್ಟುಹೋಗಿತ್ತು, ಅದನ್ನು ನಂಬಿದ್ದರೆ ಕೆಟ್ಟೆವು. ದೊಡ್ಡಪ್ಪ ಡೈನಮೋದ ಬೋಲ್ಟು ಸಡಿಲಿಸಿ, ವೀಲ್‌ಸ್ಪ್ಯಾನರನ್ನು ಸನ್ನೆಕೋಲಿನಂತೆ ಹಾಕಿ ಹೊರಕ್ಕೆ ಎಳೆದು ಹಿಡಿದರು. ಅಂಗಡಿಯ ಹುಡುಗ ಬೋಲ್ಟು ಬಿಗಿದ. ಎಂಜಿನ್ ಒಮ್ಮೆ ನರಳಿ ಹೊರಟಿತು. ಆಕ್ಸಲರೇಟರ್ ಒತ್ತಿದಂತೆ ಮುಳ್ಳು ನಿಧಾನವಾಗಿ ಎದ್ದು ಸೊನ್ನೆ ದಾಟಿ ಬಲಕ್ಕೆ ಹೋಯಿತು. ಬೆಲ್ಟು ಆ ರಾತ್ರಿಯ ಮಟ್ಟಿಗೆ ತಡೆಯಿತು. ಕೂಸಿಗೆ ಔಷಧಿ ಬಿತ್ತು, ಬೆಳಗಿನ ಜಾವಕ್ಕೆ ಜ್ವರ ಇಳಿಯಿತು.

ಇದಾಗಿ ಕೆಲವು ವರ್ಷಕ್ಕೆ ಅಮ್ಮೀಟರಿಗೇ ಕಾಯಿಲೆ ಬಂತು. ಹಾರನ್ ಒತ್ತಿದರೆ ಮುಳ್ಳು ನಡುಗುವುದು, ಡ್ಯಾಶ್‌ಬೋರ್ಡಿನ ಹಿಂದಿನಿಂದ ಸುಟ್ಟ ವಾಸನೆ. ಬೇರೊಂದು ಊರಿನ ರಿಪೇರಿಯವರು, ಇದರಿಂದ ಏನೂ ಉಪಯೋಗವಿಲ್ಲ ಎಂದು ಮೀಟರಿನ ಎರಡೂ ವೈರುಗಳನ್ನು ಬಿಚ್ಚಿ ಒಟ್ಟಿಗೆ ಹೊಸೆದು ಟೇಪು ಸುತ್ತಿ ಕಳಿಸಿದರು. ಗಾಡಿಯೇನೋ ಓಡಿತು. ಮುಳ್ಳು ಮಾತ್ರ ಸದಾ ಸೊನ್ನೆಯಲ್ಲಿ ನಿಂತಿತು. ಸೊನ್ನೆ ನೋಡಿದರೆ ಎಲ್ಲವೂ ಸಮವಾಗಿದೆ ಎನಿಸುತ್ತದೆ. ಒಳಗೆ ರೆಗ್ಯುಲೇಟರ್ ಕೆಟ್ಟು ಡೈನಮೋ ಮಿತಿಯಿಲ್ಲದೆ ತುಂಬುತ್ತಿತ್ತು, ಬ್ಯಾಟರಿಯ ನೀರು ಕುದಿದು ಆರುತ್ತಿತ್ತು. ಗೊತ್ತಾದದ್ದು ಬ್ಯಾಟರಿ ಸತ್ತ ಮೇಲೆ. ಮುಳ್ಳು ಜೀವಂತವಾಗಿದ್ದರೆ ಹಗಲಿಡೀ ಬಲಕ್ಕೆ ಹದಿನೈದು ಇಪ್ಪತ್ತರಲ್ಲಿ ನಿಂತು ಕೂಗಿ ಹೇಳುತ್ತಿತ್ತು. ಕೊಡುವುದು ಹೆಚ್ಚಾದರೂ ರೋಗವೇ.

ಆಮೇಲೆ ಅದನ್ನು ಸರಿಮಾಡಿದವರು ನಮ್ಮ ಊರಿನ ಒಬ್ಬ ಹಿರಿಯ ವೈರಿಂಗ್ ಸಾಬರು. ಅವರು ಕೆಲಸ ಮಾಡುವಾಗ ದೊಡ್ಡಮ್ಮ ಒಂದು ಸ್ಟೂಲ್ ಹಾಕಿಕೊಂಡು ಕೂತು ಒಂದೊಂದೂ ಕೇಳುತ್ತಿದ್ದರು, ಬರೆಯುವ ಕೆಲಸ ನನ್ನದು. ಸಾಬರು ಹೇಳಿದ್ದು ಈಗಲೂ ನಿಮಗೆ ಉಪಯೋಗಕ್ಕೆ ಬಂದೀತು, ಮನೆಯಲ್ಲಿ ಹಳೆಯ ಗಾಡಿಯೋ ಜೀಪೋ ಇದ್ದರೆ.

ಮೊದಲ ಮಾತು, ಮೀಟರಿನ ಹಿಂದೆ ಕೈಹಾಕುವ ಮುನ್ನ ಬ್ಯಾಟರಿಯ ಬಾಡಿ ಕಡೆಯ ಕೇಬಲ್ ಬಿಚ್ಚಬೇಕು. ಹಳೆಯ ಇಂಗ್ಲಿಷ್ ಮಾದರಿಯ ಗಾಡಿಗಳಲ್ಲಿ ಹಲವಕ್ಕೆ ಪ್ಲಸ್ ತುದಿಯನ್ನೇ ಬಾಡಿಗೆ ಕೂಡಿಸಿರುತ್ತಾರೆ, ಆದ್ದರಿಂದ ಮೈನಸ್ಸೇ ಇರಬೇಕೆಂದು ಭಾವಿಸದೆ ನೋಡಿ ಬಿಚ್ಚಬೇಕು. ಮೀಟರಿಗೆ ಬರುವ ವೈರಿಗೆ ಫ್ಯೂಸ್ ಇರುವುದಿಲ್ಲ, ಸ್ಪ್ಯಾನರ್ ತಗಡಿಗೆ ತಾಗಿದರೆ ಬೆಂಕಿಯೇ.

ಪರೀಕ್ಷೆಗೆ ಕೇಬಲ್ ಮತ್ತೆ ಹಾಕಿ, ಎಂಜಿನ್ ಹೊರಡಿಸದೆ ಹೆಡ್‌ಲೈಟು ಹಾಕಿ ನೋಡಬೇಕು. ಮುಳ್ಳು ಎಡಕ್ಕೆ ಹೋದರೆ ಮೀಟರು ಸರಿಯಾಗಿದೆ. ಬಲಕ್ಕೆ ಹೋದರೆ ಯಾರೋ ಎರಡು ವೈರುಗಳನ್ನು ಅದಲುಬದಲು ಮಾಡಿದ್ದಾರೆ. ಲೈಟು ಉರಿದೂ ಮುಳ್ಳು ಅಲುಗದಿದ್ದರೆ ಮುಳ್ಳು ಕಚ್ಚಿಕೊಂಡಿದೆ, ಇಲ್ಲವೆ ಕರೆಂಟು ಮೀಟರಿನ ಹೊರಗಿನಿಂದ ಹೋಗುತ್ತಿದೆ. ಲೈಟು, ಹಾರನ್, ಎಂಜಿನ್ ಎಲ್ಲವೂ ಒಟ್ಟಿಗೆ ಸತ್ತಿದ್ದರೆ ಮೀಟರಿನ ಒಳಗೋ ಅದರ ನಟ್ಟಿನ ಬಳಿಯೋ ದಾರಿ ಕಡಿದಿದೆ.

ಎಂಜಿನ್ ಹೊರಟ ಮೇಲೆ, ಸ್ಟಾರ್ಟರ್ ತಿಂದದ್ದನ್ನು ತುಂಬಲು ಮುಳ್ಳು ಮೊದಲು ಬಲಕ್ಕೆ ಹೋಗಿ, ಬ್ಯಾಟರಿ ತುಂಬುತ್ತ ಬಂದಂತೆ ನಿಧಾನವಾಗಿ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಡೈನಮೋ ಗಾಡಿಯಲ್ಲಿ ಎಂಜಿನ್ ಮೆಲ್ಲಗೆ ತಿರುಗುವಾಗ ಸ್ವಲ್ಪ ಎಡಕ್ಕಿದ್ದರೆ ಹೆದರಬೇಕಿಲ್ಲ. ವೇಗ ಹೆಚ್ಚಿಸಿದರೂ ಏಳದಿದ್ದರೆ ಬೆಲ್ಟು, ಡೈನಮೋದ ಕಾರ್ಬನ್ ಬ್ರಷ್ಷು, ಅವು ಉಜ್ಜುವ ತಾಮ್ರದ ಉರುಳೆ, ಆಮೇಲೆ ಕಟೌಟು, ಈ ಕ್ರಮದಲ್ಲಿ ನೋಡಬೇಕು. ಅಗ್ಗದಿಂದ ದುಬಾರಿಗೆ ಹೋಗಬೇಕೇ ಹೊರತು ದುಬಾರಿಯಿಂದ ಅಗ್ಗಕ್ಕಲ್ಲ. ಮುಳ್ಳು ಪಟಪಟ ನಡುಗಿದರೆ ಸಡಿಲ ನಟ್ಟೋ ಸವೆದ ಬ್ರಷ್ಷೋ. ಎಂಜಿನ್ ನಿಲ್ಲಿಸಿದ ಕೂಡಲೇ ಮುಳ್ಳು ಎಡದ ಕೊನೆಗೆ ಬಿದ್ದರೆ ಕಟೌಟು ಅಂಟಿಕೊಂಡಿದೆ, ಆ ಕ್ಷಣವೇ ಬ್ಯಾಟರಿ ಬಿಚ್ಚಬೇಕು.

ಈ ಪಾಠದ ಬೆಲೆ ತಿಳಿದದ್ದು 1991ರಲ್ಲಿ. ದೊಡ್ಡಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ನಿಲ್ಲಿಸಿದ ಗಾಡಿ ನಾಲ್ಕನೆಯ ದಿನಕ್ಕೆ ಹೊರಡುತ್ತಿರಲಿಲ್ಲ. ಬ್ಯಾಟರಿ ಬದಲಾಯಿಸಿದರೂ ಅದೇ ಕಥೆ. ಅಣ್ಣಂದಿರು ಗುಜರಿಗೆ ಹಾಕಿಬಿಡೋಣ ಎಂದು ತೀರ್ಮಾನಿಸಿ ರೇಟೂ ಮಾತಾಡಿದ್ದರು. "ಮುಳ್ಳು ಸೊನ್ನೇಲಿದೆ ಅಮ್ಮಾ, ಏನೂ ಸೋರ್ತಿಲ್ಲ, ಗಾಡೀಗೇ ವಯಸ್ಸಾಯ್ತು" ಎಂದರು ದೊಡ್ಡಣ್ಣ. ದೊಡ್ಡಮ್ಮ, "ಪುಸ್ತಕಕ್ಕೆ ಬರೀದೆ ಯಾರಾದ್ರೂ ಖರ್ಚು ಮಾಡ್ತಿದ್ರೆ ಪುಸ್ತಕ ಏನು ಮಾಡುತ್ತೆ? ಸಾಬರನ್ನ ಕರೀರಿ" ಎಂದರು.

ಸಾಬರು ಬಂದು ಬ್ಯಾಟರಿಯ ಒಂದು ಕೇಬಲ್ ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬು ಹಿಡಿದರು. ಎಲ್ಲ ಸ್ವಿಚ್ಚೂ ಆರಿಸಿದ್ದರೂ ಬಲ್ಬಿನ ತಂತಿ ಮಂಕಾಗಿ ಕೆಂಪಾಯಿತು. ಎಲ್ಲೋ ಸೋರುತ್ತಿದೆ! ಫ್ಯೂಸು ಒಂದೊಂದಾಗಿ ತೆಗೆದರೂ ಆರಲಿಲ್ಲ. ಕೊನೆಗೆ ನೋಡಿದರೆ, ದೊಡ್ಡಪ್ಪ ಇದ್ದಾಗ ಹಾಕಿಸಿದ್ದ ರೇಡಿಯೋಗೆ ಬ್ಯಾಟರಿಯಿಂದಲೇ ನೇರವಾಗಿ ವೈರು ಎಳೆದಿದ್ದರು. ಅದರ ಸ್ವಿಚ್ಚು ಕೆಟ್ಟು, ಸದ್ದಿಲ್ಲದೆ, ಬೆಳಕಿಲ್ಲದೆ ಹಗಲೂ ರಾತ್ರಿ ಕರೆಂಟು ಕುಡಿಯುತ್ತಿತ್ತು. ಬರೀ ಅರ್ಧ ಆಂಪಿಯರ್ ಇರಬಹುದು. ದಿನಕ್ಕೆ ಹನ್ನೆರಡು ಆಂಪಿಯರ್ ಗಂಟೆ. ಐವತ್ತರ ಬ್ಯಾಟರಿ ನಾಲ್ಕು ದಿನಕ್ಕೆ ಬರಿದು. ನೇರ ಬ್ಯಾಟರಿಯಿಂದ ಎಳೆದದ್ದರಿಂದ ಅದು ಅಮ್ಮೀಟರಿನ ದಾರಿಗೆ ಬರುತ್ತಲೇ ಇರಲಿಲ್ಲ. ಬಂದಿದ್ದರೂ ಮೂವತ್ತರವರೆಗಿನ ಅಂಕಿಯಲ್ಲಿ ಅರ್ಧ ಎಂಬುದು ಕಣ್ಣಿಗೆ ಕಾಣುವಂಥದ್ದಲ್ಲ.

ವೈರು ಕಿತ್ತರು. ಬಲ್ಬು ಆರಿತು. ಸಾಬರು ಕೂಲಿಯೆಂದು ಹೇಳಿದ್ದು ಹತ್ತು ರೂಪಾಯಿ, ದೊಡ್ಡಮ್ಮ ಇಪ್ಪತ್ತು ಕೊಟ್ಟು ಪುಸ್ತಕದಲ್ಲಿ ಬರೆದರು. ಗುಜರಿಯವನಿಗೆ ಇಲ್ಲವೆಂದು ಹೇಳಿ ಕಳಿಸಿದ್ದೂ ಅವರೇ. ಗಂಡ ಹೋದ ಮೇಲೆ ಮನೆಯ ಒಂದೊಂದು ತೀರ್ಮಾನವೂ ತಮ್ಮನ್ನು ಕೇಳದೆ ಆಗುತ್ತಿದೆ ಎಂಬ ಸಂಕಟ ಅವರಿಗಿದ್ದದ್ದು ನಮಗೆಲ್ಲ ಗೊತ್ತಿತ್ತು. ಅಂದಿನಿಂದ ಅಣ್ಣಂದಿರು ರೇಟು ಮಾತಾಡುವ ಮೊದಲು ಅಮ್ಮನನ್ನು ಕೇಳುವುದು ರೂಢಿಯಾಯಿತು.

ಅಮ್ಮೀಟರಿನ ಕಾಲ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. 1960ರ ದಶಕದಿಂದ ಕಾರುಗಳಿಗೆ ಡೈನಮೋ ಬದಲು ಆಲ್ಟರ್ನೇಟರ್ ಬರತೊಡಗಿತು. ಅದು ಕೊಡುವ ಕರೆಂಟು ಹೆಚ್ಚು. ಅಷ್ಟನ್ನೂ ದಪ್ಪ ವೈರಿನಲ್ಲಿ ಡ್ಯಾಶ್‌ಬೋರ್ಡಿಗೆ ತಂದು ವಾಪಸು ಕಳಿಸುವುದು ನಷ್ಟ, ನಟ್ಟು ಸಡಿಲವಾದರೆ ಅಪಾಯ. ತೆಳ್ಳನೆಯ ಒಂದು ವೈರು ಸಾಕಾಗುವ ವೋಲ್ಟ್‌ಮೀಟರೋ ಬರಿಯ ಕೆಂಪು ದೀಪವೋ ಅದರ ಜಾಗಕ್ಕೆ ಬಂದವು. ವೋಲ್ಟ್‌ಮೀಟರ್ ಡಬ್ಬಿಯಲ್ಲಿ ಎಷ್ಟಿದೆ ಎಂದು ಹೇಳುತ್ತದೆ. ಕೆಂಪು ದೀಪ ಸಂಪಾದನೆ ನಿಂತಿತು ಎಂದಷ್ಟೇ ಹೇಳುತ್ತದೆ. ಬರುವುದು ಹೋಗುವುದನ್ನು ತೂಗಿ ಹೇಳುವ ಮುಳ್ಳು ಮರೆಗೆ ಸರಿಯಿತು.

ಆದರೆ ಗೌರಿಬಿದನೂರಿನ ಸೀಮೆಯಲ್ಲಿ ಮುಳ್ಳು ನೋಡುವ ಕಸುಬು ನಿಂತಿಲ್ಲ. 1965ರಿಂದ ಅಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದ ಭೂಕಂಪ ಮಾಪನ ಕೇಂದ್ರವಿದೆ. ಪ್ರಪಂಚದ ಇನ್ನೊಂದು ಮೂಲೆಯಲ್ಲಿ ನೆಲದಡಿ ಬಾಂಬು ಸಿಡಿಸಿ ಬಾಯಿ ಮುಚ್ಚಿಕೊಂಡಿದ್ದರೂ ಇಲ್ಲಿನ ಉಪಕರಣಗಳು ಅದನ್ನು ಬರೆದಿಡುತ್ತವೆ. 1976ರಿಂದ ಆಕಾಶದ ರೇಡಿಯೋ ಅಲೆಗಳಿಗೆ ಕಿವಿಗೊಡುವ ದೂರದರ್ಶಕವೂ ಇದೆ. ನಾವು ಹರಕೆ ತೀರಿಸಿ ಬಂದದ್ದೂ ಅದೇ ವರ್ಷ.

ಈಗ ಪೂರ್ತಿ ಬ್ಯಾಟರಿಯಿಂದಲೇ ಓಡುವ ಕಾರುಗಳು ಬಂದಿವೆ. ಈಚೆಗೆ ಅಣ್ಣನ ಮೊಮ್ಮಗಳು ಅಂಥದೊಂದರಲ್ಲಿ ನನ್ನನ್ನು ನಂದಿಬೆಟ್ಟಕ್ಕೆ ಕರೆದುಕೊಂಡು ಹೋದಳು. ಬೆಟ್ಟ ಹತ್ತುವಾಗ ಅದರ ಪರದೆಯ ಮೇಲೆ ಒಂದು ಪಟ್ಟಿ ಖರ್ಚಿನ ಕಡೆಗೆ ಉದ್ದವಾಗುತ್ತಿತ್ತು. ಇಳಿಯುವಾಗ, ಬ್ರೇಕ್ ಹಿಡಿದಾಗಲೆಲ್ಲ, ಗಾಲಿಗಳೇ ಡೈನಮೋ ಆಗಿ ಬ್ಯಾಟರಿ ತುಂಬುವಾಗ, ಅದು ಜಮೆಯ ಕಡೆ ತಿರುಗುತ್ತಿತ್ತು. ಅಯರ್ಟನ್ ಮತ್ತು ಪೆರಿ 1882ರಲ್ಲಿ ಮಾಡಿದ್ದೂ ಬ್ಯಾಟರಿಯಿಂದ ಓಡುವ, ವಿದ್ಯುತ್ ದೀಪವಿದ್ದ ಮೂರು ಗಾಲಿಯ ಗಾಡಿಯೇ. ನೂರನಲವತ್ತು ವರ್ಷ ಸುತ್ತಿ ಅಮ್ಮೀಟರು ತನ್ನ ತವರಿಗೇ ಬಂದಿದೆ. "ಅಜ್ಜೀ, ಇದೇನು ಗೊತ್ತಾ?" ಎಂದು ಹುಡುಗಿ ಪಟ್ಟಿ ತೋರಿಸಿ ಕೇಳಿದಳು. ಗೊತ್ತು ಎಂದೆ.